ಸ್ಕೂಟರ್ ಕೊಟ್ಟು ತಂದ ಅಕಾರ್ಡಿಯನ್

ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದ ಗಂಡ ಸಂಜೆ ಎದೆಗೊಂದು ಅಕಾರ್ಡಿಯನ್ ಬಿಗಿದುಕೊಂಡು ನಡೆದು ಬಂದರೆ, ಯಾವ ಹೆಂಡತಿಯೂ ಮೊದಲು ಸಂಗೀತದ ವಿಷಯ ಎತ್ತುವುದಿಲ್ಲ.

"ಸ್ಕೂಟರ್ ಎಲ್ರೀ?" ಎಂದಳು ಮೀಟರಪ್ಪನ ಹೆಂಡತಿ.

"ಇದೇ," ಎಂದು ಮೀಟರಪ್ಪ ಎದೆಯ ಮೇಲಿದ್ದುದನ್ನು ತೋರಿಸಿದ.

"ಇದೇ ಅಂದ್ರೆ?"

"ಅದನ್ನ ಕೊಟ್ಟೆ, ಇದನ್ನ ತಂದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳಿಗೆ ಸಾವರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಮೀಟರಪ್ಪ ಯಾರು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು.

ಮೀಟರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿದ್ಯುತ್ ಕಚೇರಿಯ ಪರವಾಗಿ ಮನೆಮನೆಗೆ ಹೋಗಿ ಮೀಟರಿನ ಅಂಕಿ ಬರೆದುಕೊಂಡು ಬರುವುದು ಅವನ ಕೆಲಸ. ಎಷ್ಟೋ ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದದ್ದರಿಂದ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ನಾಯಿ ಬೊಗಳಿದರೆ ನಾಯಿಗೇ "ಕ್ಷಮಿಸಪ್ಪಾ" ಎನ್ನುವಷ್ಟು ಸಾಧು. ಕೆಲಸದಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಗಮನ ಮಾತ್ರ ಆಗಾಗ ರಜೆ ಹಾಕುತ್ತಿತ್ತು. ಒಮ್ಮೆ ಬೇಕರಿಯ ಅಂಕಿಯನ್ನು ಪಕ್ಕದ ಮನೆಯ ಒಂಟಿ ಅಜ್ಜಿಯ ಹೆಸರಿಗೆ ಬರೆದು, ಆ ಅಜ್ಜಿ ಕಚೇರಿಗೇ ಬಂದು, "ನಾನೇನು ಹಗಲೂ ರಾತ್ರಿ ಬ್ರೆಡ್ ಸುಡ್ತೀನಾ?" ಎಂದು ಮೇಲಧಿಕಾರಿಯ ಮೇಜು ಗುದ್ದಿದ್ದಳು.

ಈ ಗಮನ ಎಲ್ಲಿಗೆ ಹೋಗುತ್ತಿತ್ತು ಎಂದರೆ, ಒಂದು ರಾಗದ ಹಿಂದೆ. ಅವನ ಹರೆಯದಲ್ಲಿ ಬಂದ ಒಂದು ಕಪ್ಪುಬಿಳುಪು ಸಿನಿಮಾದಲ್ಲಿ ಹಡಗೊಂದು ದಡ ಬಿಟ್ಟು ಹೊರಡುತ್ತದೆ. ನಾಯಕ ಹಡಗಿನ ಕಂಬಿಗೆ ಒರಗಿ ಅಕಾರ್ಡಿಯನ್ ನುಡಿಸುತ್ತಾನೆ. ದಡದಲ್ಲಿ ನಿಂತ ಹುಡುಗಿ ಚಿಕ್ಕವಳಾಗುತ್ತಾ ಆಗುತ್ತಾ ಚುಕ್ಕೆಯಾಗಿ, ಆ ಚುಕ್ಕೆಯೂ ಅಳಿಸಿಹೋಗುತ್ತದೆ. ಮಾತಿಲ್ಲ, ಬರೀ ವಾದ್ಯ. ಟಿಕೆಟ್ಟಿಗೆ ಗತಿಯಿಲ್ಲದ ಆ ದಿನಗಳಲ್ಲಿ ಮೀಟರಪ್ಪ ಚಿತ್ರಮಂದಿರದ ಹಿಂಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಹಡಗು ಹೊರಡುವ ಹೊತ್ತಿಗೆ ಗೋಡೆ ಸಣ್ಣಗೆ ನಡುಗುತ್ತಿತ್ತು, ಆ ನಡುಕ ಬೆನ್ನಿನಿಂದ ಎದೆಗೆ ಇಳಿಯುತ್ತಿತ್ತು. ನಾಯಕ ಬರೀ ಬೆರಳಾಡಿಸಿದವನು. ನಿಜವಾಗಿ ನುಡಿಸಿದವರು ಮೇಷ್ಟ್ರು. ದೇಶಕ್ಕೆ ದೇಶವೇ ಅವರನ್ನು ಹಾಗೆ ಕರೆಯುತ್ತಿತ್ತು. ಅವರ ಮುಖ ನೋಡಿದವರು ಕಡಿಮೆ, ಅವರ ಕೈ ಕೇಳದವರು ಇಲ್ಲ.

ಕಲಿಯಬೇಕೆಂಬ ಆಸೆ ಮೀಟರಪ್ಪನಿಗೆ ಆಗಲೇ ಹುಟ್ಟಿತ್ತು. ಆದರೆ ಅಪ್ಪ ತೀರಿಕೊಂಡರು, ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳಿಗೂ ಮದುವೆಯಾಯಿತು. ಆಸೆ ಮಾತ್ರ ಕುಳಿತಲ್ಲೇ ಕುಳಿತಿತ್ತು.

ಅವತ್ತು ಅವನು ಹಳೇ ಸಾಮಾನಿನ ಅಂಗಡಿಯ ಮೀಟರ್ ನೋಡಲು ಹೋಗಿದ್ದ. ಕಾಲು ಮುರಿದ ಕುರ್ಚಿಗಳ ನಡುವೆ ಕಡುಗೆಂಪು ಬಣ್ಣದ ಅಕಾರ್ಡಿಯನ್ ಕೂತಿತ್ತು. ಅಂಗಡಿಯವನಿಗೆ ವಿಪರೀತ ನೆಗಡಿ. ಈ ನೆಗಡಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

"ಇದೆಲ್ಲಿಂದ ಬಂತು?" ಎಂದು ಕೇಳಿದ ಮೀಟರಪ್ಪ.

"ದೊಡ್ಡೋರ ಮನೇದು," ಎಂದ ಅಂಗಡಿಯವನು ಮೂಗೊರೆಸಿಕೊಳ್ಳುತ್ತಾ.

ಮೀಟರಪ್ಪ ಅಂಕಿ ಬರೆಯುವ ಪುಸ್ತಕ ಮುಚ್ಚಿದ. ಅಕಾರ್ಡಿಯನ್ ಲೋಕದಲ್ಲಿ ಅವನಿಗೆ ಗೊತ್ತಿದ್ದ ದೊಡ್ಡವರು ಒಬ್ಬರೇ.

"ದೊಡ್ಡೋರು ಅಂದ್ರೆ... ಮೇಷ್ಟ್ರಾ?"

ಅಂಗಡಿಯವನು ಕಣ್ಣು ಮುಚ್ಚಿದ. ತಲೆ ಮೇಲಕ್ಕೆತ್ತಿದ, ಇಳಿಸಿದ, ಮತ್ತೆ ಎತ್ತಿದ. "ಹೌ... ಹೌ... ಹೌ..." ಎಂದು ಬಾಯಿ ತೆರೆದ. ಕಣ್ಣಂಚಿನಲ್ಲಿ ನೀರು ತುಂಬಿತು. ಬರಬೇಕಾಗಿದ್ದ ಸೀನು ಬರದೆ ಒಳಗೇ ಉಳಿಯಿತು. ಮೀಟರಪ್ಪ ಕಂಡದ್ದು ಇಷ್ಟು: ಮೇಷ್ಟ್ರ ಹೆಸರು ಎತ್ತುತ್ತಲೇ ಒರಟು ವ್ಯಾಪಾರಿಯೊಬ್ಬ ತಲೆಯಾಡಿಸಿದ, ಕಣ್ಣೀರು ಹಾಕಿದ, ಗಂಟಲು ಕಟ್ಟಿ "ಹೌದು" ಎನ್ನಲಾಗದೆ ಹೋದ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ನ್ಯಾಯಾಲಯ ಕೇಳುತ್ತದೆ? ಅವನು ಅಲ್ಲೇ ಸ್ಕೂಟರಿನ ಕೀ ತೆಗೆದು ಮೇಜಿನ ಮೇಲಿಟ್ಟ.

ಇಷ್ಟು ಹೊತ್ತಿಗೆ ಹೆಂಡತಿ ಸಾವರಿಸಿಕೊಂಡಿದ್ದಳು.

"ನುಡಿಸೋಕೆ ಬರುತ್ತಾ ನಿಮಗೆ?"

"ಇಲ್ಲ. ಕಲೀಬಹುದು."

"ಸ್ಕೂಟರ್ ಓಡಿಸೋಕೆ ಬರ್ತಿತ್ತಲ್ರೀ!"

"ಮೆಲ್ಲಗೆ ಮಾತಾಡು ಮಾರಾಯ್ತಿ. ಇದು ಮೇಷ್ಟ್ರು ನುಡಿಸಿದ್ದು."

"ಯಾರೇ ನುಡಿಸಿರ್ಲಿ, ನಾಳೆ ನನ್ನ ಮಾರ್ಕೆಟ್ಟಿಗೆ ಇದು ಕರ್ಕೊಂಡು ಹೋಗುತ್ತಾ?"

ಗಲಾಟೆ ಕೇಳಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡ್ ಗೋಡೆಯ ಮೇಲೆ ತಲೆ ತೂರಿಸಿದರು. ಬೀದಿಯಲ್ಲಿ ಯಾರ ಮನೆಯಲ್ಲಿ ದನಿ ಎದ್ದರೂ ಅವರ ತಲೆ ಆ ಗೋಡೆಯ ಮೇಲೆ ಬರುವುದು ರೂಢಿ. "ಏನಮ್ಮಾ, ಏನಾಯ್ತು?"

ಹೆಂಡತಿಯ ಮುಖ ಥಟ್ಟನೆ ಬದಲಾಯಿತು. ಗಂಡ ದಡ್ಡನೆಂಬುದು ಮನೆಯೊಳಗಿನ ಮಾತು. ಅದು ಕಾಂಪೌಂಡ್ ದಾಟಬಾರದು. "ಏನಿಲ್ಲ ಡಾಕ್ಟ್ರೇ," ಎಂದು ನಕ್ಕಳು. "ಮೇಷ್ಟ್ರ ಅಕಾರ್ಡಿಯನ್. ಸಿನಿಮಾದಲ್ಲಿ ನುಡಿಸಿದ್ದು. ನಮ್ಮವರು ಎಷ್ಟೋ ವರ್ಷದಿಂದ ಹುಡುಕ್ತಾ ಇದ್ರು, ಇವತ್ತು ಸಿಕ್ತು."

ಡಾಕ್ಟರು ಗೋಡೆ ಹಾರಿಯೇ ಬಂದರು. ಕನ್ನಡಕ ಏರಿಸಿ, ಜೇಬಿನಿಂದ ಸಣ್ಣ ಟಾರ್ಚು ತೆಗೆದು, ಬಿಳಿ ಕೀಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

"ಹಿಂದಿನ ಎರಡು ಅಲ್ಲಾಡ್ತಾ ಇವೆ. ಇದರ ಬುಡ ಸವೆದಿದೆ. ಈ ಹಳದಿ ನೋಡಿದ್ರಾ? ತಂಬಾಕು. ಮೇಷ್ಟ್ರು ಸಿಗರೇಟು ಸೇದ್ತಿದ್ರಾ?"

"ಗೊತ್ತಿಲ್ವಲ್ಲ," ಎಂದ ಮೀಟರಪ್ಪ.

"ಸೇದ್ತಿದ್ರು. ನನಗೆ ಗೊತ್ತಾಗುತ್ತೆ. ಒಂದ್ನಿಮಿಷ ಇರಿ," ಎಂದು ಮನೆಗೆ ಓಡಿ, ಹಲ್ಲಿಗೆ ಹಾಕುವ ಸಿಮೆಂಟ್ ತಂದು ಅಲ್ಲಾಡುವ ಎರಡನ್ನೂ ಬಿಗಿ ಮಾಡಿದರು. "ಇವತ್ತೊಂದು ದಿನ ಗಟ್ಟಿಯಾಗಿ ಒತ್ತಬೇಡಿ," ಎಂದು ಅಭ್ಯಾಸಬಲದಿಂದ ಹೇಳಿ ಹೋದರು.

ಡಾಕ್ಟರಿಗೆ ಸಿಕ್ಕ ಸುದ್ದಿ ರೋಗಿಗಳ ಬಾಯಿಗೆ ಬಿತ್ತು. ಬಾಯಿ ತೆರೆದು ಕೂತ ರೋಗಿ ಎದುರು ಮಾತಾಡುವಂತಿಲ್ಲ, ಕೇಳಿಸಿಕೊಳ್ಳಲೇಬೇಕು. ಹೊರಗೆ ಬಂದ ಮೇಲೆ ಆ ಬಾಕಿಯನ್ನೆಲ್ಲ ಬೇರೆಯವರ ಮೇಲೆ ತೀರಿಸಿಕೊಳ್ಳುತ್ತಾನೆ. ವಾರದೊಳಗೆ ಮೀಟರಪ್ಪನ ಮನೆಯ ಮುಂದೆ ಚಪ್ಪಲಿಗಳ ಸಾಲು ಶುರುವಾಯಿತು. ಮೇಷ್ಟ್ರ ಸಿಗರೇಟಿನ ಕಲೆಯನ್ನು ನೋಡಿ ಒಬ್ಬರು ಉದ್ಗಾರ ತೆಗೆದರೆ, ಇನ್ನೊಬ್ಬರು ಕೆಂಪು ಬಣ್ಣವನ್ನು ಸವರಿ, "ಸಿನಿಮಾದಲ್ಲೂ ಇದೇ ಕೆಂಪು," ಎಂದರು. ಸಿನಿಮಾ ಕಪ್ಪುಬಿಳುಪಾಗಿತ್ತು ಎಂದು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಬಂದವರೆಲ್ಲ ಕಡೆಗೆ ಕೇಳುತ್ತಿದ್ದುದು ಒಂದೇ: "ಸ್ವಲ್ಪ ನುಡಿಸಿ."

"ಅಯ್ಯೋ, ಮೇಷ್ಟ್ರ ಕೈ ಆಡಿದ್ದರ ಮೇಲೆ ನನ್ನ ಕೈಯಾ?" ಎಂದು ಮೀಟರಪ್ಪ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಇದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಜನ ಅದನ್ನು ಮಹಾ ವಿನಯವೆಂದುಕೊಂಡರು. ಮೀಟರ್ ನೋಡಲು ಬಂದರೆ ಕುರ್ಚಿ ಹಾಕತೊಡಗಿದರು. ಒಂಟಿ ಅಜ್ಜಿ ಕೂಡ ಬೇಕರಿಯ ವಿಷಯ ಮರೆತು ಅವನಿಗೆ ತಣ್ಣೀರು ತಂದುಕೊಟ್ಟಳು.

ರಜೆಯ ದಿನ ಮಧ್ಯಾಹ್ನ ಮಾತ್ರ ಮೀಟರಪ್ಪ ಕೋಣೆಯ ಬಾಗಿಲು ಹಾಕಿ, ಪಟ್ಟಿ ಹೆಗಲಿಗೇರಿಸಿ, ತಿದಿ ಎಳೆಯುತ್ತಿದ್ದ. ಮೊದಲ ದಿನ ಬಂದ ಸದ್ದಿಗೆ ಹೆಂಡತಿ ಹಿತ್ತಲಿಗೆ ಓಡಿ ಯಾರ ಎಮ್ಮೆ ನುಗ್ಗಿತೆಂದು ನೋಡಿ ಬಂದಳು. ಆಮೇಲೆ ನಿಧಾನವಾಗಿ, ಒಂದೊಂದೇ ಕೀ ಒತ್ತಿ ಒತ್ತಿ, ಹಡಗಿನ ರಾಗದ ಮೊದಲ ನಾಲ್ಕು ಸ್ವರ ಹಿಡಿದ. ಐದನೆಯದು ಸಿಗಲಿಲ್ಲ. ಅದು ಮೇಲಿದೆಯೋ ಕೆಳಗಿದೆಯೋ, ಕಪ್ಪೋ ಬಿಳಿಯೋ, ಏನು ಮಾಡಿದರೂ ಕೈಗೆ ಬರದು. ಕಿವಿಯಲ್ಲಿ ಇದೆ, ಬೆನ್ನಲ್ಲಿ ಇದೆ, ಬೆರಳಿಗೆ ಮಾತ್ರ ಇಲ್ಲ. ನಾಲ್ಕು ಸ್ವರ ನುಡಿಸಿ, ಐದನೆಯದರ ಜಾಗಕ್ಕೆ ಬಂದಾಗ ಸುಮ್ಮನೆ ಕೂತುಬಿಡುತ್ತಿದ್ದ. ತಿದಿ ತನ್ನ ಪಾಡಿಗೆ ಉಸಿರು ಬಿಡುತ್ತಿತ್ತು.

"ಮುಂದಕ್ಕೆ ಹೋಗ್ರೀ," ಎನ್ನುತ್ತಿದ್ದಳು ಹೆಂಡತಿ ಅಡುಗೆಮನೆಯಿಂದ. "ಅಲ್ಲೇ ನಿಂತ್ರೆ ನನಗೂ ಉಸಿರು ಕಟ್ಟುತ್ತೆ."

ಇಲ್ಲಿಗೇ ಕತೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೀಟರಪ್ಪನಿಗೊಬ್ಬ ಭಾವಮೈದನಿದ್ದ. ಹೆಂಡತಿಯ ಈ ತಮ್ಮ ನಗರಸಭೆಯ ಕಲಾಮಂದಿರದ ಕಾರ್ಯದರ್ಶಿ. ಬೇರೆಯವರು ವಾಕ್ಯ ಶುರುಮಾಡಿದರೆ ತಾನೇ ಮುಗಿಸಿಕೊಡುವ ಉದಾರಿ. ಮೈಕು ಕಂಡರೆ ಅವನ ಕಾಲು ತಾನಾಗಿ ಆ ಕಡೆಗೆ ನಡೆಯುತ್ತಿತ್ತು.

"ಭಾವ, ಇಂಥಾ ವಸ್ತು ಮನೆಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೀರಲ್ಲ! ಒಂದು ಸಮಾರಂಭ ಮಾಡೋಣ."

"ಬೇಡಪ್ಪ, ನಾನೇನೋ..."

"ನಾನೇನೋ ಸಣ್ಣವನು ಅಂತೀರಾ! ಅದಕ್ಕೇ ಮೇಷ್ಟ್ರನ್ನೇ ಕರೆಸೋಣ."

ಮೇಷ್ಟ್ರು ಇನ್ನೂ ಇದ್ದಾರೆಯೇ ಎಂಬ ಬಗ್ಗೆಯೇ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ಭಾವಮೈದ ಅಲ್ಲಿ ಇಲ್ಲಿ ವಿಚಾರಿಸಿ ಫೋನ್ ಹಚ್ಚಿದ. ಮೊದಲ ಗಂಟೆಗೇ ಯಾರೋ ಎತ್ತಿಕೊಂಡರು.

"ನಾನೇ ಮಾತಾಡೋದು," ಎಂದಿತು ಸಣ್ಣ ದನಿ. "ಅಕಾರ್ಡಿಯನ್ನಾ? ನಂದಾ? ನಾಳೆ ಬರಲಾ?"

ದೊಡ್ಡ ಕಲಾವಿದರನ್ನು ಒಪ್ಪಿಸಲು ಏನೇನು ಹೇಳಬೇಕೆಂದು ಸಿದ್ಧವಾಗಿದ್ದ ಭಾವಮೈದ, ಅವರನ್ನು ಭಾನುವಾರದ ತನಕ ತಡೆಯಲು ಬೇಡಿಕೊಳ್ಳಬೇಕಾಯಿತು.

ಸಮಾರಂಭಕ್ಕೆ ಮುನ್ನಾದಿನ ಮೀಟರಪ್ಪನಿಗೆ ಒಂದು ಯೋಚನೆ ಬಂತು. ಮೇಷ್ಟ್ರ ಹಳೆಯ ಮನೆಯ ಬಗ್ಗೆ ಅಂಗಡಿಯವನಿಂದ ಒಂದೆರಡು ಮಾತು ಕೇಳಿಕೊಂಡರೆ ವೇದಿಕೆಯ ಮೇಲೆ ಹೇಳಲು ಆಗುತ್ತದಲ್ಲ ಎಂದು. ಹೋಗಿ ನೋಡಿದರೆ ಅಂಗಡಿಯವನ ನೆಗಡಿ ವಾಸಿಯಾಗಿತ್ತು. ಮಾತು ಗಂಟೆ ಹೊಡೆದಂತೆ ಸ್ಪಷ್ಟವಾಗಿ ಬರುತ್ತಿತ್ತು.

"ಮೇಷ್ಟ್ರು? ಯಾವ ಮೇಷ್ಟ್ರು?"

"ಅಕಾರ್ಡಿಯನ್ ಮೇಷ್ಟ್ರು. ದೊಡ್ಡೋರ ಮನೇದು ಅಂದ್ರಲ್ಲ."

"ದೊಡ್ಡೋರು ಅಂದ್ರೆ ದುಡ್ಡಿರೋರು. ಕೆರೆ ರಸ್ತೇಲಿ ಮೂರು ಮಹಡಿ ಮನೆ ಇಲ್ವಾ, ಬಾಗಿಲಿಗೆ ಎರಡು ಸಿಂಹ ಕೂರಿಸಿದ್ದಾರಲ್ಲ, ಅವರು. ಮಕ್ಕಳಿಗೆ ಅಂತ ತಂದಿದ್ರಂತೆ, ಯಾರೂ ಮುಟ್ಟಲಿಲ್ಲ. ಅವರ ನಾಯಿ ಅದರ ಮೇಲೆ ಮಲಗ್ತಿತ್ತು."

"ಕೀಗಳ ಮೇಲೆ ಹಳದಿ..."

"ನಾಯೀದೇ ಇರಬೇಕು."

ಮೀಟರಪ್ಪ ಇಂಗು ತಿಂದ ಮಂಗನಂತೆ ನಿಂತ. "ಸ್ಕೂಟರ್ ವಾಪಸ್..." ಎಂದು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನೇ, "ನಿಮ್ಮ ಸ್ಕೂಟರ್ ಭಾರಿ ಒಳ್ಳೇದು ಸ್ವಾಮಿ. ಅಳಿಯ ಅದರಲ್ಲೇ ಊರಿಗೆ ಹೋದ. ಇನ್ನು ಕೊಡಲ್ಲ ಅಂತ ಫೋನ್ ಮಾಡಿದ್ದಾನೆ," ಎಂದ.

ಮನೆಗೆ ಬಂದವನೇ ಹೆಂಡತಿಗೆ ಹೇಳಿಬಿಡಬೇಕೆಂದುಕೊಂಡ. ಅವಳು ಹೊಸ ಸೀರೆಯ ಅಂಚು ಮಡಿಸುತ್ತಿದ್ದಳು. "ಒಂದು ವಿಷಯ..." ಎಂದ. "ನಾಳೆ ಮುಂದಿನ ಸಾಲಲ್ಲಿ ಕೂರ್ತೀನಂತೆ ನಾನು," ಎಂದಳು ಅವಳು. ಮದುವೆಯಾದಾಗಿನಿಂದ ಅವಳು ಯಾವ ಮುಂದಿನ ಸಾಲಿನಲ್ಲೂ ಕೂತವಳಲ್ಲ. ಮೀಟರಪ್ಪ, "ಸೀರೆ ಚೆನ್ನಾಗಿದೆ," ಎಂದು ಹೊರಗೆ ಬಂದ. ಡಾಕ್ಟರಿಗಾದರೂ ಹೇಳೋಣವೆಂದು ಗೋಡೆಯ ಬಳಿ ಹೋದರೆ ಅವರು, "ಸಿಗರೇಟಿನ ವಿಷಯ ನಾಳೆ ಭಾಷಣದಲ್ಲಿ ನನ್ನ ಹೆಸರಲ್ಲೇ ಬರಬೇಕು," ಎಂದರು. ಭಾವಮೈದನಿಗೆ ಫೋನ್ ಮಾಡಿ, "ಅದು ಮೇಷ್ಟ್ರದ್ದು ಅಲ್ಲ ಅನ್ನೋದು..." ಎಂದು ಶುರುಮಾಡಿದರೆ, "ಅಲ್ಲ ಅನ್ನೋದು ಯಾರು? ಹೆಸರು ಹೇಳಿ ಭಾವ, ನಾನು ನೋಡ್ಕೋತೀನಿ!" ಎಂದು ಗುಡುಗಿ ಫೋನಿಟ್ಟ.

ಭಾನುವಾರ ಬೆಳಿಗ್ಗೆ ಬಸ್ಸಿನಿಂದ ಇಳಿದವರು ಸಣಕಲು ಮುದುಕರು. ಒಗೆದು ಒಗೆದು ತೆಳ್ಳಗಾದ ಅಂಗಿ, ಬಗಲಲ್ಲಿ ಒಂದು ಬಟ್ಟೆಚೀಲ. ಹಾರ ಹಿಡಿದು ನಿಂತಿದ್ದ ಭಾವಮೈದ ಇವರನ್ನು ದಾಟಿ ಹಿಂದಿನಿಂದ ಇಳಿಯುತ್ತಿದ್ದ ದಪ್ಪನೆಯ ಪ್ರಯಾಣಿಕರೊಬ್ಬರ ಕೊರಳಿಗೆ ಹಾರ ಹಾಕಿಬಿಟ್ಟ. ಆ ಪ್ರಯಾಣಿಕರು ಪೈಪು ನಲ್ಲಿ ಮಾರುವವರು. ಹಾರ ತೆಗೆಯಲು ಒಪ್ಪದೆ ಸಮಾರಂಭ ಮುಗಿಯುವವರೆಗೂ ಮುಂದಿನ ಸಾಲಿನಲ್ಲೇ ಕೂತಿದ್ದರು.

"ನೀರು ಕುಡೀರಿ ಮೇಷ್ಟ್ರೇ," ಎಂದಳು ಮೀಟರಪ್ಪನ ಹೆಂಡತಿ.

"ಆಮೇಲೆ ತಾಯಿ. ಅದೆಲ್ಲಿ?"

ಕಲಾಮಂದಿರ ಕಿಕ್ಕಿರಿದಿತ್ತು. ವೇದಿಕೆಯ ನಡುವೆ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಕೆಂಪು ಅಕಾರ್ಡಿಯನ್. ಮೀಟರಪ್ಪ ವೇದಿಕೆಯ ಅಂಚಿನ ಕುರ್ಚಿಯಲ್ಲಿ ಶಿಕ್ಷೆಗೆ ಕಾಯುವವನಂತೆ ಕೂತಿದ್ದ. ಮೇಷ್ಟ್ರು ಮೆಟ್ಟಿಲು ಹತ್ತಿದರು. ಅಕಾರ್ಡಿಯನ್ ಕಂಡ ಕೂಡಲೇ ಅವರ ನಡಿಗೆ ಸ್ವಲ್ಪ ನಿಧಾನವಾಯಿತು. ಆದರೂ ಹತ್ತಿರ ಬಂದರು. ನುಡಿಸುವ ಕಡೆ ನೋಡಲೇ ಇಲ್ಲ. ಹಿಂಬದಿಗೆ ಕೈ ಹಾಕಿ, ಚರ್ಮದ ಪಟ್ಟಿಯ ಕೆಳಗೆ ಹಲಗೆಯನ್ನು ಅಂಗೈಯಿಂದ ಸವರಿದರು. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ. ಕೈ ಅಲ್ಲೇ ನಿಂತಿತು. ಮುಖದಲ್ಲಿದ್ದ ಬೆಳಕು ಮೆಲ್ಲಗೆ ಇಳಿದದ್ದು ಹತ್ತಿರ ಕೂತಿದ್ದ ಮೀಟರಪ್ಪನಿಗೆ ಮಾತ್ರ ಕಂಡಿತು.

ಆಮೇಲೆ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಜನರ ಕಡೆ ನಕ್ಕರು. ಅಕಾರ್ಡಿಯನ್ ಎತ್ತಿ ಎದೆಗೇರಿಸಿಕೊಂಡರು. ಡಾಕ್ಟರು ಸಿಮೆಂಟು ಹಾಕಿದ ಎರಡು ಕೀ ಬಿಟ್ಟು, ಉಳಿದವುಗಳಲ್ಲೇ ಹಡಗಿನ ರಾಗ ನುಡಿಸಿದರು.

ಆ ಕೆಲವು ನಿಮಿಷ ಹಾಸ್ಯಕ್ಕೆ ಜಾಗವಿರಲಿಲ್ಲ. ನಗರಸಭೆಯ ಅಧ್ಯಕ್ಷರು ಭಾಷಣದ ಕಾಗದ ಮಡಚಿಟ್ಟರು. ಪೈಪು ಮಾರುವವರು ಕೊರಳ ಹಾರದಿಂದಲೇ ಕಣ್ಣೊರೆಸಿಕೊಂಡರು. ಮೀಟರಪ್ಪ ಬೆನ್ನನ್ನು ಕುರ್ಚಿಗೆ ಒತ್ತಿ ಹಿಡಿದಿದ್ದ. ಐದನೆಯ ಸ್ವರ ಬಂದು ಹೋಯಿತು, ಅವನು ಹಿಡಿಯುವಷ್ಟರಲ್ಲಿ ದಾಟಿಹೋಯಿತು.

ಮೇಷ್ಟ್ರು ಮೈಕಿನ ಮುಂದೆ ಹೇಳಿದ್ದು ಒಂದೇ ಮಾತು: "ಒಳ್ಳೇ ಮನೆಗೆ ಸೇರಿದೆ. ಸಂತೋಷ."

ಅಲ್ಲಿಗೆ ಮೀಟರಪ್ಪನಿಂದ ತಡೆಯಲಾಗಲಿಲ್ಲ. ಎದ್ದ. ಮೈಕಿನ ತನಕ ಹೋದ. ಮುಂದಿನ ಸಾಲಿನಲ್ಲಿ ಹೆಂಡತಿಯ ಹೊಸ ಸೀರೆ ಕಂಡಿತು, ಕಣ್ಣು ಮುಚ್ಚಿಕೊಂಡ.

"ಎಲ್ಲರೂ ಕೇಳಿ. ಇದು ಮೇಷ್ಟ್ರದ್ದಲ್ಲ."

ಡಾಕ್ಟರು ಕನ್ನಡಕ ಏರಿಸಿದರು.

"ಇದು ಮೇಷ್ಟ್ರದ್ದೂ ಅಲ್ಲ, ನನಗೆ... ನನ್ನ..." ನಾಲಗೆ ಹೊರಳಲಿಲ್ಲ.

ವಾಕ್ಯವೊಂದು ಅರ್ಧಕ್ಕೆ ನಿಂತದ್ದನ್ನು ಭಾವಮೈದ ಯಾವತ್ತೂ ಸಹಿಸಿದವನಲ್ಲ. ಹಾರಿ ಬಂದು ಮೈಕು ಕಸಿದುಕೊಂಡ. "ಕೇಳಿದ್ರಾ! ಇದು ಮೇಷ್ಟ್ರದ್ದೂ ಅಲ್ಲ, ನನ್ನದೂ ಅಲ್ಲ, ನಮ್ಮೆಲ್ಲರದ್ದು ಅಂತ ನಮ್ಮ ಭಾವ ಹೇಳ್ತಿದ್ದಾರೆ! ಈ ಅಮೂಲ್ಯ ವಸ್ತುವನ್ನು ಇವತ್ತೇ, ಇಲ್ಲೇ, ಕಲಾಮಂದಿರಕ್ಕೆ ದಾನ ಮಾಡಿದ್ದಾರೆ!"

ಚಪ್ಪಾಳೆಗೆ ಸೂರು ಹಾರುವಂತಾಯಿತು. ಅಧ್ಯಕ್ಷರು ಮೀಟರಪ್ಪನನ್ನು ಅಪ್ಪಿಕೊಂಡರು. "ಅಲ್ಲ, ಅಲ್ಲ," ಎಂದು ಅವನು ಅಪ್ಪುಗೆಯೊಳಗಿನಿಂದಲೇ ಕೂಗಿದ. "ವಿನಯ ನೋಡಿ, ದಾನ ಅಲ್ಲ ಅಂತಾರೆ," ಎಂದರು ಅಧ್ಯಕ್ಷರು. ಗಾಜಿನ ಬೀರು ಬಂತು. ಅಕಾರ್ಡಿಯನ್ ಒಳಗೆ ಹೋಯಿತು. ಬೀಗ ಬಿತ್ತು. ಬೀಗದ ಕೈ ಭಾವಮೈದನ ಜೇಬು ಸೇರಿತು. ಹೀಗೆ ಮೀಟರಪ್ಪನಿಗೆ ಸ್ಕೂಟರೂ ಇಲ್ಲ, ಅಕಾರ್ಡಿಯನ್ನೂ ಇಲ್ಲ, ತಪ್ಪೊಪ್ಪಿಕೊಂಡ ನೆಮ್ಮದಿಯೂ ಇಲ್ಲ ಎಂಬಂತಾಯಿತು.

ಮಧ್ಯಾಹ್ನದ ಊಟಕ್ಕೆ ಮೇಷ್ಟ್ರು ಅವನ ಮನೆಗೇ ಬಂದರು. ಅಧ್ಯಕ್ಷರ ಮನೆಯ ಕರೆಯನ್ನು ಒಲ್ಲೆನೆಂದು, "ನಾನು ಇವರ ಜೊತೆ ಹೋಗ್ತೀನಿ," ಎಂದಿದ್ದರು. ಅಡುಗೆಮನೆಯ ಪುಟ್ಟ ಮೇಜಿನ ಎರಡು ಬದಿಗೆ ಇಬ್ಬರೂ ಕೂತರು. ಹೆಂಡತಿ ಬಡಿಸುತ್ತಿದ್ದಳು. ಮೀಟರಪ್ಪನ ತುತ್ತು ತಟ್ಟೆಯಲ್ಲೇ ತಿರುಗುತ್ತಿತ್ತು.

"ಮೇಷ್ಟ್ರೇ, ಅದು ನಿಮ್ಮದಲ್ಲ."

"ಗೊತ್ತು."

"ನಾಯಿ ಮಲಗ್ತಿತ್ತಂತೆ ಅದರ ಮೇಲೆ."

"ಇರಬಹುದು. ಶ್ರುತಿ ಮಾತ್ರ ಚೆನ್ನಾಗಿದೆ," ಎಂದರು ಮೇಷ್ಟ್ರು, ತುತ್ತು ನುಂಗಿ.

ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು. ನಾಯಿಯ ವಿಷಯ ಅವಳಿಗೆ ಈಗಲೇ ಗೊತ್ತಾದದ್ದು. ಅವಳು ಗಂಡನನ್ನು ನೋಡಿದ ನೋಟದಲ್ಲಿ ಮುಂದಿನ ಹಲವು ತಿಂಗಳ ಮಾತುಕತೆ ತುಂಬಿತ್ತು. ಆದರೆ ಅತಿಥಿಯೆದುರು ಅದನ್ನು ನುಂಗಿಕೊಂಡು, "ಮತ್ತೆ ಅಷ್ಟು ಜನರ ಮುಂದೆ ಯಾಕೆ ಹೇಳಲಿಲ್ಲ ಮೇಷ್ಟ್ರೇ?" ಎಂದಳು.

"ಹೇಳಿ ಏನಾಗಬೇಕು ತಾಯಿ? ಊರೂರಿಂದ ಕರೀತಾರೆ. ನಿಮ್ಮದು ನಮ್ಮಲ್ಲಿದೆ, ನಿಮ್ಮದು ನಮ್ಮಲ್ಲಿದೆ ಅಂತ. ಒಂದೂರಲ್ಲಿ ಹಾರ್ಮೋನಿಯಂ ತೋರಿಸಿ ನಿಮ್ಮ ಅಕಾರ್ಡಿಯನ್ ಅಂದ್ರು. ಅದನ್ನೂ ನುಡಿಸಿ ಬಂದೆ." ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ನೀರು ಕುಡಿದರು. "ನನ್ನವಳಿಗೆ ಕಾಯಿಲೆ ಆದಾಗ ಮಾರಿದೆ. ವಾಪಸ್ ಕೊಂಡುಕೊಳ್ಳೋಣ ಅಂತ ಹೋದಾಗ ಅಂಗಡಿಯೇ ಇರಲಿಲ್ಲ. ಅವಳೂ ಉಳೀಲಿಲ್ಲ."

ಹೆಂಡತಿ ಅವರ ಲೋಟಕ್ಕೆ ಮತ್ತೆ ನೀರು ಹಾಕಿದಳು.

"ಪಟ್ಟಿ ಕೆಳಗೆ ಏನು ಹುಡುಕಿದ್ರಿ?" ಎಂದು ಕೇಳಿದ ಮೀಟರಪ್ಪ ಮೆಲ್ಲಗೆ.

"ಸುಟ್ಟ ಗುರುತು. ಒಂದು ಸಲ ನಾನು ಎಲ್ಲೋ ನುಡಿಸೋಕೆ ಹೊರಡೋ ಅವಸರ. ಅವಳು ಅಂಗಿ ಇಸ್ತ್ರಿ ಮಾಡ್ತಾ ಮಾಡ್ತಾ ಕಾದ ಪೆಟ್ಟಿಗೇನ ತಗೊಂಡು ಹೋಗಿ ಅದರ ಬೆನ್ನ ಮೇಲಿಟ್ಟುಬಿಟ್ಟಳು. ಮೂರು ಮೂಲೆಯಾಗಿ ಕಪ್ಪಗೆ ಸುಟ್ಟಿತು. ನಾನು ಬಾಯಿಗೆ ಬಂದಂಗೆ ಬೈದೆ. ಆಮೇಲೆ ನುಡಿಸುವಾಗೆಲ್ಲ ಅದು ಎದೆಗೆ ಒತ್ತುತ್ತಿತ್ತು, ಸ್ವಲ್ಪ ತಗ್ಗಾಗಿತ್ತು ನೋಡಿ ಅಲ್ಲಿ. ಹಡಗಿನ ರಾಗ ನುಡಿಸಿದ್ದು ಆ ತಗ್ಗು ಎದೆಗೆ ಒತ್ತಿಕೊಂಡೇ." ಅವರು ಅಂಗೈ ತಿರುಗಿಸಿ ನೋಡಿಕೊಂಡರು. "ಕರೆದಲ್ಲೆಲ್ಲ ಹೋಗ್ತೀನಿ. ದೂರದಿಂದ್ಲೇ ಬಣ್ಣ ನೋಡಿ ಅಲ್ಲ ಅಂತ ಗೊತ್ತಾಗುತ್ತೆ. ಆದ್ರೂ ಯಾರಾದ್ರೂ ಬೇರೆ ಬಣ್ಣ ಬಳಿದಿರಬಹುದಲ್ಲ ಅಂತ ಕೈ ಹಾಕ್ತೀನಿ."

"ಇಷ್ಟು ದೂರ ಬಂದು, ಅದಲ್ಲ ಅಂತ ಗೊತ್ತಾದ್ರೆ ಬೇಜಾರಾಗಲ್ವಾ?" ಎಂದ ಮೀಟರಪ್ಪ.

"ವಾಪಸ್ ಹೋಗುವಾಗ ಆಗುತ್ತೆ. ಬರುವಾಗ ಬಸ್ಸಲ್ಲಿ ದಾರಿ ಪೂರ್ತಿ ಅದು ನಂದೇ ಇರುತ್ತಲ್ಲಪ್ಪಾ."

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡು ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು, ಬೇಡವೆಂದರೂ ಕೇಳಲಿಲ್ಲ.

ಊಟವಾದ ಮೇಲೆ ಮೇಷ್ಟ್ರು, "ನೀವು ನುಡಿಸ್ತೀರಾ?" ಎಂದರು.

"ನಾಲ್ಕು ಸ್ವರ ಬರುತ್ತೆ. ಐದನೇದು ಸಿಗಲ್ಲ."

"ತೋರಿಸಿ."

ತೋರಿಸಲು ವಾದ್ಯವೆಲ್ಲಿ? ಅದು ಬೀಗದೊಳಗಿತ್ತು. ಮೇಷ್ಟ್ರು ಮೇಜು ಒರೆಸಿದರು. ಮೀಟರಪ್ಪ ಮೇಜಿನ ಅಂಚಿನ ಮೇಲೆ ನಾಲ್ಕು ಬೆರಳು ಒತ್ತಿ ನಿಲ್ಲಿಸಿದ. ಮೇಷ್ಟ್ರು ಎದ್ದು ಬಂದು, ಐದನೆಯದಕ್ಕೆಂದು ಪಕ್ಕಕ್ಕೆ ಚಾಚುತ್ತಿದ್ದ ಅವನ ಕಿರುಬೆರಳನ್ನು ಹಿಡಿದು ತಡೆದರು. ಹೆಬ್ಬೆರಳನ್ನು ಅಂಗೈಯ ಕೆಳಗಿನಿಂದ ತೂರಿಸಿ ದೂರದ ಒಂದು ಜಾಗದಲ್ಲಿ ಇಟ್ಟರು. "ಇಲ್ಲಿ. ಮೊದಲ ಸ್ವರವೇ, ಮೇಲಿನ ಸ್ಥಾಯಿಯದು. ಎಲ್ಲರೂ ಹತ್ತಿರದಲ್ಲೇ ಹುಡುಕ್ತಾರೆ. ಇದು ದೂರ ಇದೆ."

ಮೀಟರಪ್ಪ ಮರದ ಮೇಲೆ ಐದೂ ಒತ್ತಿದ. ಮತ್ತೆ ಒತ್ತಿದ. ಇಬ್ಬರೂ ತಲೆ ಬಾಗಿಸಿ ಕೇಳುತ್ತಿದ್ದರು. ಎಲ್ಲೂ ಏನೂ ಸದ್ದಿರಲಿಲ್ಲ.

"ಇದು ಚೆನ್ನಾಗಿದೆ," ಎಂದಳು ಹೆಂಡತಿ ಪಾತ್ರೆ ಎತ್ತುತ್ತಾ. "ಹೀಗೇ ನುಡಿಸ್ತೀರಿ ಅಂದ್ರೆ ದಿನಾ ನುಡಿಸಿ."

ಬಿಸಿಲು ಇಳಿದ ಮೇಲೆ ಗಂಡ ಹೆಂಡಿರಿಬ್ಬರೂ ಮೇಷ್ಟ್ರನ್ನು ಬಸ್ಸು ಹತ್ತಿಸಲು ನಡೆದುಕೊಂಡೇ ಹೋದರು. ಮೇಷ್ಟ್ರು ಕಿಟಕಿಯ ಪಕ್ಕ ಕೂತು ಬಟ್ಟೆಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಮನೆಮನೆಗೆ ಹೋಗೋನು ನಾನು," ಎಂದ ಮೀಟರಪ್ಪ. "ಎಲ್ಲಾದ್ರೂ ಸಿಕ್ಕಿದ್ರೆ ಫೋನ್ ಮಾಡ್ತೀನಿ ಮೇಷ್ಟ್ರೇ."

"ಮಾಡಿ," ಎಂದರು ಮೇಷ್ಟ್ರು. ಬಸ್ಸು ಹೊರಟಿತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೂ ಏನೋ ಹೇಳಿದರು. ಇಂಜಿನ್ನಿನ ಗದ್ದಲದಲ್ಲಿ ಅರ್ಧ ಕೇಳಿಸಿತು. "ಸಿಗದಿದ್ರೂ... ಸಿಕ್ಕಹಾಗಿದೆ ಅಂತ... ಮಾಡಿ. ಬರ್ತೀನಿ."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ನಿಂತಿದ್ದರು. ಆಮೇಲೆ ಮನೆಯ ದಾರಿ ಹಿಡಿದರು. ಸ್ಕೂಟರಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಮೀಟರಪ್ಪ ಹೆಗಲು ಕುಗ್ಗಿಸಿಕೊಂಡು ನಡೆಯುತ್ತಿದ್ದ.

"ಅಲ್ರೀ," ಎಂದಳು ಕೊನೆಗೆ. "ಅವರದ್ದು ಯಾವ ಬಣ್ಣ?"

ಮೀಟರಪ್ಪ ನಡು ರಸ್ತೆಯಲ್ಲೇ ನಿಂತ. ಕರೆದ ಊರಿನವರಲ್ಲಿ ಒಬ್ಬರೂ ಕೇಳಿರದ ಪ್ರಶ್ನೆ, ತಾನೂ ಕೇಳಿರಲಿಲ್ಲ. ಹಿಂದಕ್ಕೆ ತಿರುಗಿ ನೋಡಿದ. ರಸ್ತೆ ಖಾಲಿಯಿತ್ತು.

"ಕೇಳಲೇ ಇಲ್ವಲ್ಲ ಮಾರಾಯ್ತಿ."

"ಹಾಗಾದ್ರೆ ಅದನ್ನ ಕೇಳೋಕ್ಕಾದ್ರೂ ಇನ್ನೊಂದು ಸಲ ಕರೆಸಬೇಕು," ಎಂದು ಅವಳು ಸೆರಗು ಬಿಗಿದುಕೊಂಡು ಮುಂದೆ ನಡೆದಳು.